ಖಾಲಿ ಜಾಗ ಯಾರದೆಂದು ಕೇಳಿದ ಬನಪ್ಪ

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕ್ಷಮಿಸಬೇಕು. ಕತೆ ಬರೆಯುತ್ತಿರುವುದು ಇದೇ ಮೊದಲು. ಯಾವುದನ್ನು ಬಿಡಿಸಿ ಹೇಳಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂಬುದು ತಿಳಿಯದು. ಅದಕ್ಕೇ ಎಲ್ಲವನ್ನೂ ಬಿಡಿಸಿಯೇ ಹೇಳುವುದೆಂದು ಮಾಡಿದ್ದೇನೆ. ಗೊತ್ತಿರುವುದನ್ನೇ ಹೇಳಿದರೆ ಬೈಯದೆ ಮುಂದಿನ ಸಾಲಿಗೆ ಹೋಗಿ.

ನೇಕಾರರದೊಂದು ಊರು. ಊರಲ್ಲೊಬ್ಬ ತಾಯಿ, ತಾಯಿಗೊಬ್ಬ ಮಗ. ತಾಯಿ ಶಾಕವ್ವ, ಮಗ ಬನಪ್ಪ. ಬನಶಂಕರಿಗೆ ಶಾಕಾಂಬರಿ ಅಂತಲೂ ಹೆಸರುಂಟು, ಹಾಗಾಗಿ ಇಬ್ಬರಿಗೂ ಒಬ್ಬಳೇ ದೇವಿಯ ಹೆಸರು. ಇದು ಕತೆಗೆ ಬೇಕಿಲ್ಲ, ಆದರೂ ಹೇಳಿದೆ.

ಬನಪ್ಪನಿಗೆ ಇಪ್ಪತ್ತಾರು ವರ್ಷ. ಹೇಳಿದಷ್ಟೂ ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ. ‘ಹಾಲು ಉಕ್ಕೋದನ್ನ ನೋಡ್ಕೊ’ ಅಂದರೆ ಉಕ್ಕುವುದನ್ನು ಕಣ್ತುಂಬ ನೋಡಿ, “ಯವ್ವಾ, ಭಾಳ ಚೆಂದ ಉಕ್ಕಿತು!” ಅನ್ನುತ್ತಿದ್ದ. ಊರವರು ಪೆದ್ದ ಅಂದರು. ಶಾಕವ್ವ ಒಮ್ಮೆ ಹೌದು ಅಂದಳು, ಒಮ್ಮೆ ಅಲ್ಲ ಅಂದಳು, ಕೊನೆಗೆ ತಲೆ ಮೇಲೆ ಕೈ ಹೊತ್ತಳು.

ಶಾಕವ್ವ ಸಾಮಾನ್ಯಳಲ್ಲ. ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕೂತವಳು. ಮೊಣಕಾಲು ಸೋತ ಮೇಲೆ ನೇಕಾರರ ಸೊಸೈಟಿಯಲ್ಲಿ ಕಂಪ್ಯೂಟರ್ ಕಲಿತಳು. ಕಲಿತು ಸುಮ್ಮನಾಗಲಿಲ್ಲ, ತಾನೇ ಒಂದು ಪ್ರೋಗ್ರಾಂ ಬರೆದಳು. ಸೀರೆಯ ಅಂಚಿನ ಚಿತ್ರವನ್ನು ಅಕ್ಷರದ ಹಾಗೆ ಸಾಲು ಸಾಲಾಗಿ ಟೈಪು ಹೊಡೆದರೆ ಸಾಕು, ಮಗ್ಗಕ್ಕೆ ಬೇಕಾದ ತೂತಿನ ಕಾರ್ಡು ತಯಾರಾಗುತ್ತಿತ್ತು. ಊರೇ ಬೆರಗಾಯಿತು.

ಅವಳಿಗಿದ್ದದ್ದು ಒಂದೇ ಚಿಂತೆ. “ನಾ ಹೋದ ಮ್ಯಾಲೆ ಇವಗ ಯಾರು?” ಸೊಸೈಟಿಯ ಸೆಕ್ರೆಟರಿ ಅಡಿವೆಪ್ಪನ ಮುಂದೆ ಸೆರಗೊಡ್ಡಿದಳು. “ನನ್ನ ಮಗ್ಗಲಾಗ ಇವನ್ನೂ ಕೂಡಿಸ್ಕೊಳ್ಳಪಾ.”

ಅಡಿವೆಪ್ಪ ಗಲ್ಲ ಕೆರೆದುಕೊಂಡ. “ಬನದ ಹುಣ್ಣಿವಿ ತನಕ ನೋಡ್ತೀನಿ, ಶಾಕಕ್ಕ. ಕಲಿತರ ಕೆಲಸ ಕಾಯಂ. ಇಲ್ಲಂದ್ರ ಮತ್ತ ಕೇಳಬ್ಯಾಡ.”

ಬನದ ಹುಣ್ಣಿಮೆ ಎಂದರೆ ಬನಶಂಕರಿ ಜಾತ್ರೆಯ ಹುಣ್ಣಿಮೆ, ಅದಕ್ಕೆ ಎರಡು ತಿಂಗಳಿತ್ತು.

ಮೊದಲ ಕೆಲಸ ಹೆಸರಿನ ಪಟ್ಟಿ. ಪ್ರತಿ ಸೀರೆಗೂ ನೇಯ್ದವರ ಹೆಸರಿನ ಚೀಟಿ ಅಂಟಿಸಬೇಕು. ಹೆಸರುಗಳನ್ನು ಹತ್ತು ಜನ ಹತ್ತು ರೀತಿ ಹೊಡೆದಿದ್ದರು. ಕೆಲವರು ಹೆಸರಿನ ಮುಂದೆ ಖಾಲಿ ಬಿಟ್ಟಿದ್ದರು, ಕೆಲವರು ಹಿಂದೆ. ನಮ್ಮ ಕಣ್ಣಿಗೆ ಎಲ್ಲಾ ಒಂದೇ. ಆದರೆ ಕಂಪ್ಯೂಟರಿಗೆ ಖಾಲಿ ಜಾಗವೂ ಒಂದು ಅಕ್ಷರ. ‘ಗಂಗವ್ವ ಕೋರಿ’ ಎಲ್ಲಿದ್ದಾಳೆ ಅಂತ ಹುಡುಕಿದರೆ, ಅಂಥವಳು ಇಲ್ಲವೇ ಇಲ್ಲ ಅನ್ನುತ್ತಿತ್ತು. ಯಾಕೆಂದರೆ ಅದರ ಹೊಟ್ಟೆಯಲ್ಲಿದ್ದವಳು ‘ಗಂಗವ್ವ ಕೋರಿ, ಹಿಂದೊಂದು ಖಾಲಿ’. ಅನ್ನದಲ್ಲಿರುವ ಬಿಳಿ ಹರಳು ಕಣ್ಣಿಗೆ ಕಾಣದಿದ್ದರೂ ಹಲ್ಲಿಗೆ ಸಿಗುತ್ತದಲ್ಲ, ಹಾಗೆ.

“ಹೆಸರಿನಾಗಿನ ಖಾಲಿ ಎಲ್ಲಾ ತಗಿ, ಮಗಾ,” ಅಂದಳು ಶಾಕವ್ವ.

“ಆತವ್ವಾ!”

ಎಲ್ಲಾ ತೆಗೆದ. ಮುಂದಿನದು ತೆಗೆದ, ಹಿಂದಿನದು ತೆಗೆದ, ನಡುವಿನದೂ ತೆಗೆದ. ಮರುದಿನ ಚೀಟಿಗಳು ಬಂದವು: ಗಂಗವ್ವಕೋರಿ. ಮಾನಪ್ಪಈರಪ್ಪಸಪ್ಪಂಡಿ. ನಾಗವ್ವಗಂಡಪರಪ್ಪ.

ನಾಗವ್ವ ಚೀಟಿ ಹಿಡಿದು ಬಂದಳು. “ಏನೋ ಬನ್ಯಾ! ನಲವತ್ತು ವರ್ಷ ಸಂಸಾರ ಮಾಡಿದರೂ ನನ್ನ ಗಂಡ ನನಗ ಇಷ್ಟು ಹತ್ತಿರ ಬಂದಿರಲಿಲ್ಲಲ್ಲೋ!”

ಶಾಕವ್ವ ತಲೆ ಮೇಲೆ ಕೈ ಹೊತ್ತಳು. “ಏನ್ ಮಾಡಿದ್ಯೋ ಮಗನ!”

“ನೀ ಹೇಳಿದಿ, ನಾ ಮಾಡಿದೆ. ಎಲ್ಲಾ ತಗಿ ಅಂದಿ.”

“ಎರಡೂ ತುದೀದು ಕತ್ತರಿಸಬೇಕೋ! ನಡುವಿಂದು ಮುಟ್ಟಬಾರದು! ತುದಿ ಕತ್ತರಿಸು, ನಡುವಿಂದು ಮುಟ್ಟಬ್ಯಾಡ. ಇದಕ್ಕ ಟ್ರಿಮ್ ಅಂತಾರ. ತಿಳೀತಾ?”

“ತಿಳೀತು! ತುದಿ ಕತ್ತರಿಸು, ನಡುವಿಂದು ಮುಟ್ಟಬ್ಯಾಡ.”

ಹೆಸರುಗಳನ್ನೆಲ್ಲ ಮತ್ತೆ ಹೊಡೆದ. ಏಳುನೂರು ಹೆಸರು, ಒಂದೂ ತಪ್ಪಿಲ್ಲ! ಪೆದ್ದ ಅನ್ನುವವರು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ಎರಡನೆಯ ಕೆಲಸ ಗೋಪುರದ ಅಂಚು. ಒಂದೊಂದು ಸಾಲಿಗೆ ಹದಿನಾರು ಚೌಕ. ದಾರ ಏಳಬೇಕಾದ ಚೌಕಕ್ಕೆ ಒಂದು ಚುಕ್ಕಿ, ಏಳಬಾರದ ಚೌಕ ಖಾಲಿ. ಗೋಪುರ ಅಂದ ಮೇಲೆ ತುದಿ ಚೂಪು, ಬುಡ ಅಗಲ. ಹಾಗಾಗಿ ಮೇಲಿನ ಸಾಲಿನಲ್ಲಿ ನಟ್ಟನಡುವೆ ಎರಡೇ ಚುಕ್ಕಿ, ಆಚೆ ಏಳು ಖಾಲಿ, ಈಚೆ ಏಳು ಖಾಲಿ. ಕೆಳಗಿಳಿದಂತೆ ಚುಕ್ಕಿ ಹೆಚ್ಚು, ಖಾಲಿ ಕಡಿಮೆ.

ಬನಪ್ಪ ನೋಡಿದ. ತುದಿಯಲ್ಲಿ ಖಾಲಿ! ಅವ್ವನ ಮಾತು ನೆನಪಾಯಿತು. ತುದಿ ಕತ್ತರಿಸು, ನಡುವಿಂದು ಮುಟ್ಟಬ್ಯಾಡ. ಕತ್ತರಿಸಿದ. ನಡುವಿನದನ್ನು ಮುಟ್ಟಲಿಲ್ಲ.

ಮುಂದಿನ ಖಾಲಿ ಹೋದ ಮೇಲೆ ಚುಕ್ಕಿಗಳಿಗೆ ಆಸರೆ ಎಲ್ಲಿ? ಎಲ್ಲಾ ಸಾಲೂ ಎಡಗೋಡೆಗೆ ಜಾರಿ ಅಂಟಿಕೊಂಡವು. ಮಗ್ಗದ ಮೇಲೆ ಗೋಪುರದ ಬದಲು ಗರಗಸದ ಹಲ್ಲು ಬಂತು. ಎರಡು ಮೊಳ ನೇಯ್ದ ಮೇಲೆ ನೋಡಿದರು.

“ಇದನ್ನ ಯಾರು ಉಡ್ತಾರ, ಬಡಿಗ್ಯಾನ ಹೆಂಡತಿನಾ?” ಅಂದ ಅಡಿವೆಪ್ಪ.

“ಏನ್ ಮಾಡಿದ್ಯೋ ಮಗನ!”

“ನೀ ಹೇಳಿದಿ, ನಾ ಮಾಡಿದೆ.”

“ಅದು ಹೆಸರಿಗೆ ಹೇಳಿದ್ದೋ! ಅಂಚಿನಾಗಿನ ಖಾಲಿ ಬರೀ ಖಾಲಿ ಅಲ್ಲ, ಅದೂ ಒಂದು ಎಳಿ. ಸಾಲಿಗೆ ಹದಿನಾರು ಅಂದ್ರ ಹದಿನಾರು ಇರಬೇಕು. ಕಡಿಮಿ ಬಿದ್ದರ ಖಾಲಿದು ಹಾಕಿ ಹದಿನಾರು ತುಂಬಿಸಬೇಕು. ಇದಕ್ಕ ಪ್ಯಾಡ್ ಅಂತಾರ.”

“ತಿಳೀತು! ಕಡಿಮಿ ಬಿದ್ದರ ಖಾಲಿದು ಹಾಕಿ ಹದಿನಾರು ತುಂಬಿಸು.”

ಸಿಟ್ಟಾದ ಅಡಿವೆಪ್ಪನನ್ನು ಒಲಿಸಬೇಕಲ್ಲ? ಶಾಕವ್ವ ಅವನನ್ನೂ ಕಮಿಟಿಯ ಮೂವರನ್ನೂ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ. “ತಾಟು ಹಚ್ಚು, ಮಗಾ,” ಅಂದು ಅವಳು ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು.

ಬನಪ್ಪ ಎಣಿಸಿದ. ಬಂದವರು ನಾಲ್ಕು ಮಂದಿ. ಕಡಿಮೆ ಬಿತ್ತು! ಓಡಿದ, ಆಚೆಮನೆ ಈಚೆಮನೆಯಿಂದ ತಾಟು ತಂದ. ನಾಲ್ಕಕ್ಕೆ ರೊಟ್ಟಿ, ಎಣ್ಣೆಗಾಯಿ ಬಡಿಸಿದ. ಹನ್ನೆರಡು ಖಾಲಿ ತಾಟು ಸಾಲಾಗಿ ಇಟ್ಟ. ಒಟ್ಟು ಹದಿನಾರು.

ಕಮಿಟಿಯವರು ನೋಡಿದರು. ಇನ್ನೂ ಹನ್ನೆರಡು ಮಂದಿ ಬರಬೇಕಲ್ಲ, ಅವರು ಬರುವ ಮೊದಲು ಉಣ್ಣಲಿಕ್ಕೆ ಹೇಗೆ ಕೈ ಬರುತ್ತದೆ? ಕಾದರು. ರೊಟ್ಟಿ ಹಪ್ಪಳವಾಯಿತು. ಎಣ್ಣೆಗಾಯಿ ಆರಿತು. ಅಡಿವೆಪ್ಪನ ಹೊಟ್ಟೆ ಗುರ್ ಅಂದದ್ದು ಒಳಗಿದ್ದ ಶಾಕವ್ವನಿಗೆ ಕೇಳಿಸಿತು.

“ಇನ್ನ ಯಾರ್ಯಾರು ಬರೋರದಾರೋ, ಬನ್ಯಾ?”

“ಯಾರೂ ಇಲ್ರಿ.”

“ಮತ್ತ ಈ ತಾಟು?”

“ಅವು ಖಾಲಿವ್ರಿ. ಹದಿನಾರು ತುಂಬಲಿಕ್ಕೆ.”

ಶಾಕವ್ವ ಸೌಟು ಹಿಡಿದೇ ಹೊರಗೆ ಬಂದಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಒಳಗೊಳಗೇ ಒಂದು ಮಾತೂ ಹೊಳೆಯಿತು: ಕಂಪ್ಯೂಟರೂ ಹಿಂಗೇ ಅಲ್ಲವೇ? ಹೇಳಿದಷ್ಟೂ ಮಾಡುತ್ತದೆ, ಹೇಳಿದಷ್ಟೇ ಮಾಡುತ್ತದೆ. ಅದಕ್ಕೆ ಯಾರೂ ಪೆದ್ದ ಅನ್ನುವುದಿಲ್ಲ, ಹೂ ಏರಿಸಿ ಪೂಜೆ ಮಾಡುತ್ತಾರೆ. ಆದರೂ ಬೈದಳು. ಬೈಯದೆ ಬಿಟ್ಟರೆ ಅಡಿವೆಪ್ಪ ಅಲ್ಲೇ ಕೆಲಸ ಕಿತ್ತುಕೊಳ್ಳುತ್ತಿದ್ದ.

“ಖಾಲಿ ಕಂಡಲ್ಲೆಲ್ಲಾ ಕೈ ಹಾಕಬ್ಯಾಡೋ! ತಗಿಬೇಕಂದ್ರೂ ಕೇಳು, ತುಂಬಬೇಕಂದ್ರೂ ಕೇಳು. ಈ ಖಾಲಿ ಜಾಗ ಯಾರದು ಅಂತ ಮೊದಲು ಕೇಳು!”

“ತಿಳೀತವ್ವಾ! ಈ ಖಾಲಿ ಜಾಗ ಯಾರದು ಅಂತ ಮೊದಲು ಕೇಳು.”

ಹುಣ್ಣಿಮೆಗೆ ಎಂಟು ದಿನ ಉಳಿಯಿತು. ಕೊನೆಯ ಕೆಲಸ ಬಂತು.

ಸೊಸೈಟಿಯಲ್ಲಿ ಅರವತ್ತು ಹಳೆಯ ಅಂಚುಗಳ ಕಾಗದಗಳಿದ್ದವು. ಇಲಿ ಕಡಿದವು, ಎಣ್ಣೆ ಕುಡಿದವು. ಬರೆದವರ ಹೆಸರು ಒಂದರಲ್ಲೂ ಇಲ್ಲ. ಶಾಕವ್ವ ಅವನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಏರಿಸಿದ್ದಳು. ಪ್ರತಿ ಅಂಚಿನ ತಲೆಯ ಮೇಲೂ ಒಂದು ಒಂಟಿ ಸಾಲು: ಮೊದಲು ಕೆಲವು ಚೌಕ ಖಾಲಿ, ಆಮೇಲೆ ಒಂದೇ ಒಂದು ಚುಕ್ಕಿ. ಒಂದು ಕಾಗದದಲ್ಲಿ ಮೂರು ಖಾಲಿ ಆದ ಮೇಲೆ ಚುಕ್ಕಿ, ಇನ್ನೊಂದರಲ್ಲಿ ಐದು.

“ಸೊಟ್ಟಪಟ್ಟ ಆಗ್ಯಾವು,” ಅಂದ ಅಡಿವೆಪ್ಪ. “ಚುಕ್ಕಿ ಎಲ್ಲಾ ಒಂದ ಕಡೆ ಬರಲಿ. ಮುಂದಿನ ಖಾಲಿ ಟ್ರಿಮ್ ಮಾಡ್ರಿ. ಹುಣ್ಣಿವಿ ದಿನ ಹಳೇ ಕಾಗದ ಬಣ್ಣ ಕುದಿಸೋ ಒಲಿಗೆ ಹಾಕೋಣ.”

ಅದೇ ಹೊತ್ತಿಗೆ ಶಾಕವ್ವನಿಗೆ ಜ್ವರ. ಬನಪ್ಪ ಒಬ್ಬನೇ ಹೋದ. ಸಂಜೆಗೊಮ್ಮೆ ಅವಳು ಕಂಬಳಿಯೊಳಗಿಂದ ಕೇಳುವಳು, “ಎಷ್ಟು ಮುಗೀತೋ?”

“ಹತ್ತು ಮನಿ ಮುಗೀತವ್ವಾ.”

ಮನೆ ಯಾಕೆ ಬಂತು ಎಂದು ಕೇಳಲು ಜ್ವರ ಬಿಡಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಎದ್ದು ಸೊಸೈಟಿಗೆ ಬಂದಳು. ಕಂಪ್ಯೂಟರ್ ತೆರೆದಳು. ಒಂದು ಖಾಲಿಯೂ ಹೋಗಿಲ್ಲ! ಎಂಟು ದಿನ, ಒಂದೂ ಇಲ್ಲ! ಮಗನ ಕುರ್ಚಿ ಹೋಯಿತು, ತನ್ನ ನಂತರದ ಆಸರೆಯೂ ಹೋಯಿತು. ಬಾಗಿಲಲ್ಲಿ ಅಡಿವೆಪ್ಪ ನಿಂತಿದ್ದ.

“ಎಂಟು ದಿನ ಎಲ್ಲಿ ಸತ್ತಿದ್ದಿ?” ಅಂತ ಬನಪ್ಪನನ್ನು ಕೇಳಿದ.

“ಕೇಳಲಿಕ್ಕೆ ಹೋಗಿದ್ದೆರಿ.”

“ಏನ್ ಕೇಳಲಿಕ್ಕೆ?”

“ಈ ಖಾಲಿ ಜಾಗ ಯಾರದು ಅಂತ.”

ಅಡಿವೆಪ್ಪ ಬಾಯಿ ತೆರೆದ. ಬೈಗುಳ ಹೊರಗೆ ಬರುವ ಮೊದಲೇ ಹಿಂದಿನಿಂದ ಕೋಲಿನ ಸದ್ದು ಬಂತು. ಗೌರವ್ವಜ್ಜಿ, ಊರಿನ ಎಲ್ಲಾ ನೇಕಾರರಿಗಿಂತ ಹಿರಿಯಳು, ಒಳಗೆ ಬಂದಳು.

“ಬೈಬ್ಯಾಡ, ಅಡಿವ್ಯಾ. ಆ ಮೂರು ಖಾಲಿ ನಂದು.”

“ನಿಂದು ಅಂದ್ರ?”

“ಆಗ ನಮಗೆಲ್ಲಿ ಅಕ್ಷರ? ಹೆಸರು ಬರೆಯೋರು ಯಾರು? ಮನಿಗಿಷ್ಟು ಅಂತ ಖಾಲಿ ಬಿಟ್ಟು ಚುಕ್ಕಿ ಇಡತಿದ್ವಿ. ಮೂರು ಖಾಲಿ ಇದ್ದರ ಗೌರಿ. ಐದಿದ್ದರ ತಳವಾರಗಟ್ಟಿ ತಿಮ್ಮವ್ವ. ಅರವತ್ತು ವರ್ಷದಾಗ ಯಾರೂ ಕೇಳಲಿಲ್ಲ. ಇಂವ ಬಂದು ಕೇಳಿದ.”

ಬನಪ್ಪ ಕಾಗದ ತೆಗೆದು ಓದಿದ. ಯಾವ ಅಂಚು, ಎಷ್ಟು ಖಾಲಿ, ಯಾವ ಮನೆ. ಅರವತ್ತಕ್ಕೆ ಅರವತ್ತು. “ಎರಡು ಖಾಲಿ, ನಿಮ್ಮವ್ವಂದು ರೀ,” ಅಂದ ಅಡಿವೆಪ್ಪನಿಗೆ. “ಏಳು ಖಾಲಿ...” ತಾಯಿಯ ಕಡೆ ತಿರುಗಿದ. “ಏಳು ನಮ್ಮನೀದಂತವ್ವಾ. ನಿಮ್ಮತ್ತೀದು.”

ಶಾಕವ್ವ ಮದುವೆಯಾಗಿ ಬರುವ ಮೊದಲೇ ಅತ್ತೆ ತೀರಿದ್ದಳು. ಅತ್ತೆಯ ಒಂದು ಪಟವೂ ಮನೆಯಲ್ಲಿರಲಿಲ್ಲ. ಪರದೆಯ ಮೇಲೆ ಏಳು ಖಾಲಿ ಚೌಕ ನೋಡುತ್ತಾ ಕೂತಳು. ಬೇರೆ ಯಾರಿಗಾದರೂ ಹೇಳಿದ್ದರೆ ಒಂದೇ ಏಟಿಗೆ ಟ್ರಿಮ್ ಮಾಡಿ, ಕಾಗದ ಸುಟ್ಟು, ಊಟಕ್ಕೆ ಹೋಗಿರುತ್ತಿದ್ದರು. ತಾನೇ ಆಗಿದ್ದರೂ ಅಷ್ಟೇ. ಊರಿನಲ್ಲಿ ಕೇಳಿ ತಿಳಿದುಕೊಂಡು ಬಂದವನು ತನ್ನ ಮಗ ಒಬ್ಬನೇ.

ಅಡಿವೆಪ್ಪ ಕೆಮ್ಮಿದ. ಮೂಗು ಒರೆಸಿಕೊಂಡ. ಡ್ರಾಯರಿನಿಂದ ಕೆಲಸದ ಆದೇಶದ ಕಾಗದ ತೆಗೆದು, ಸೊಸೈಟಿಯ ಮುದ್ರೆ ಒತ್ತಿ ಮುಂದಿಟ್ಟ. “ಇಲ್ಲಿ ಸಹಿ ಮಾಡಪಾ. ಕೆಳಗ ಖಾಲಿ ಬಿಟ್ಟೀನಿ ನೋಡು.”

ಬನಪ್ಪ ಕೈ ಹಿಂದೆ ತೆಗೆದ. “ಈ ಖಾಲಿ ಜಾಗ ಯಾರದ್ರೀ?”

ಅಡಿವೆಪ್ಪ ಕಾಗದವನ್ನು ಅವನ ಕಡೆ ಸರಿಸಿದ. “ನಿಂದಪಾ, ಮಗನ. ಪೂರಾ ನಿಂದ!”

ಬನಪ್ಪನ ಮುಖ ಅರಳಿತು. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡ. ಆ ಖಾಲಿ ಜಾಗವನ್ನು ನಾಲ್ಕೂ ಕಡೆ ನೀಟಾಗಿ ಕತ್ತರಿಸಿ, ಬೊಗಸೆಯಲ್ಲಿಟ್ಟು ತಾಯಿಗೆ ಕೊಟ್ಟ. “ಯವ್ವಾ, ನನ್ನ ಜಾಗ ಕೊಟ್ಟರು! ತುದಿ ಅಷ್ಟೇ ಕತ್ತರಿಸೀನಿ, ನಡುವಿಂದು ಮುಟ್ಟಿಲ್ಲ.”

ಅಡಿವೆಪ್ಪ ಆದೇಶದ ಕಾಗದ ಎತ್ತಿ ಹಿಡಿದ. ಅದರಲ್ಲೊಂದು ಕಿಟಕಿ. ಕಿಟಕಿಯ ಆಚೆ ಗೌರವ್ವಜ್ಜಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಶಾಕವ್ವ ತಲೆ ಮೇಲೆ ಕೈ ಹೊರಲಿಲ್ಲ. ಎರಡೂ ಕೈಯಲ್ಲಿ ಆ ಚೂರು ಇತ್ತು.

ಆಮೇಲೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿದರು, ಕೆಲಸ ಕಾಯಂ ಆಯಿತು. ಆ ಚೂರನ್ನು ಶಾಕವ್ವ ಬಿಸಾಡಲಿಲ್ಲ. ಯಾಕೆ ಬಿಸಾಡಲಿಲ್ಲ ಎಂದು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ನೋಡಿ, ಖಾಲಿ ಜಾಗ ಎರಡು ಬಗೆ. ಒಂದು, ಯಾರೂ ಇಲ್ಲದೆ ಖಾಲಿ ಇರುವುದು. ಅದನ್ನು ಟ್ರಿಮ್ ಮಾಡಬಹುದು, ದೋಷವಿಲ್ಲ. ಇನ್ನೊಂದು ಹಾಗಲ್ಲ. ಅದು... ಬಂದೆ, ಬಂದೆ! ಒಳಗಿಂದ ಕರೆಯುತ್ತಿದ್ದಾರೆ, ಒಲೆಯ ಮೇಲೆ ಹಾಲಿದೆಯಂತೆ, ನೋಡಿಕೊಳ್ಳಬೇಕಂತೆ. ಒಂದೇ ನಿಮಿಷ. ಇನ್ನೊಂದು ಬಗೆ ಯಾವುದೆಂದರೆ, ಅಲ್ಲಿ... ಅಯ್ಯೋ, ಹಾಲು ಉಕ್ಕಿತು, ಉಳಿದದ್ದಕ್ಕೆ ಇಲ್ಲಿ ಖಾಲಿ ಬಿಟ್ಟಿದ್ದೇನೆ: