ಕೆಂಬಾರೆ ದೊರೆಯ ಶಾಲು

“ಕೇಳ್ರಪ್ಪೋ ಕೇಳಿ! ಕೆಂಬಾರೆ ದೊರೆಗಳ ಮಗಳು ಕನಕಾಂಬೆಯವರು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವರಿಗೆ ಮಗಳನ್ನ ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ಒಂದು ತಪ್ಪಿದರೂ ಯುಗಾದಿ ಕಳೆದ ಮಾರನೇ ದಿನ ತಲೆ ಹಾರುತ್ತೆ!”

ಕೊನೆಯ ಮಾತನ್ನು ಡಂಗೂರದವನು ಹೋಳಿಗೆ ಬಡಿಸುವವನ ಹಾಗೆ ನಗುನಗುತ್ತ ಹೇಳಿದ. ತಲೆ ಅವನದಲ್ಲವಲ್ಲ!

ಬಳೆಗಾರ ಮುದ್ದವೀರ ಅರಮನೆಗೆ ಹೋದದ್ದು ಬರೀ ತಮಾಷೆ ನೋಡಲು. ಹೊರಡುವಾಗ ಅವ್ವ ಎಚ್ಚರಿಸಿದ್ದಳು: “ನೋಡ್ಕೊಂಡು ಬಾ, ಅಷ್ಟೇ. ನಿನ್ನ ಬಾಯಿಗೆ ಬೀಗ ಇಲ್ಲ. ತಲೆ ಇದ್ರೆ ತಾನೇ ಮಗಾ ರುಮಾಲು?”

ಸಭೆಯಲ್ಲಿ ರಾಜಕುಮಾರಿ ತೆರೆಯ ಹಿಂದೆ ಕೂತಿದ್ದಳು. ದೊರೆ ಬಂದವರಿಗೆಲ್ಲ ಶಾಲು ಹೊದಿಸಿ ಸನ್ಮಾನ ಮಾಡುತ್ತಿದ್ದ. ಆದರೆ ಶಾಲು ಒಂದೇ! ಜಯಕಾರ ಮುಗಿಯುತ್ತಲೇ ಅದನ್ನು ವಾಪಸು ಪಡೆದು ತಾನೇ ಹೊದ್ದುಕೊಳ್ಳುವನು. ಸಂಜೆ ಅದರೊಳಗೇ ಮಗಳನ್ನೂ ಪುಟ್ಟ ಮಗನನ್ನೂ ಅಪ್ಪಿಕೊಂಡು ಕತೆ ಹೇಳುವನು. ಅಜ್ಜನ ಕಾಲದ ಶಾಲು ಅದು. ಒಗೆದರೆ ಮನೆತನದ ಮರ್ಯಾದೆ ನೀರುಪಾಲಾಗುತ್ತದೆಂದು ಯಾರೂ ಒಗೆದಿರಲಿಲ್ಲ.

ಮೊದಲು ಬಂದ ರಾಜಕುಮಾರನಿಗೆ ತೆರೆಯ ಹಿಂದಿನಿಂದ ಒಗಟು ಬಂತು: “ಯಾವ ಅಕ್ಕಸಾಲಿಯೂ ಮಾಡದ ಬಳೆ. ಅಂಚು ಕೆಂಪು, ನಡು ಬರಿದು, ದಿನದಿನಕ್ಕೆ ಅಗಲ. ತೊಟ್ಟವರು ಕಳಚಲಾರರು, ಅವರ ಬಟ್ಟೆ ಹೊದ್ದವರಿಗೆ ಕೇಳದೆಯೇ ಬರುತ್ತದೆ. ಏನದು?”

“ಚಂದ್ರನ ಸುತ್ತ ಕಟ್ಟುವ ಬಳೆ!” ಎಂದ ಅವನು. ತಪ್ಪು. ಭಟರು ಅವನನ್ನು ಸೆರೆಮನೆಗೆ ನಡೆಸಿದರು. ಅಲ್ಲಿ ಆಗಲೇ ಜಾಗ ಸಾಲದಷ್ಟು ಜನ ಯುಗಾದಿಯನ್ನು ಕಾಯುತ್ತಿದ್ದರು.

ಮುಂದಿನವನು ಜಾಣ. ಎರಡನೆಯದರಿಂದ ಶುರು ಮಾಡೋಣ ಎಂದ. ಒಗಟು ಬಂತು: “ಹಗಲೆಲ್ಲ ತೆಪ್ಪಗಿದ್ದು ದೀಪ ಆರಿದ ಮೇಲೆ ಏಳುತ್ತಾನೆ. ಕಣ್ಣಿಗೆ ಕಾಣುವುದಿಲ್ಲ, ಸಂದಿಯಲ್ಲಿ ಮನೆ ತೋಡುತ್ತಾನೆ. ಅವನು ಬಂದ ಮೇಲೆ ನನಗೆ ನಿದ್ದೆಯಿಲ್ಲ. ಯಾರವನು?”

ರಾಜಕುಮಾರ ಮೀಸೆ ತಿರುವಿದ. “ನಾನೇ! ಅಂದರೆ, ಪ್ರೇಮ!”

ಸಭೆ ಗೊಳ್ಳೆಂದಿತು. ಆ ನಗುವಿನ ನಡುವೆ ತೆರೆಯ ಹಿಂದಿನಿಂದ ಕರಕರ ಎಂಬ ಸದ್ದು ಮುದ್ದವೀರನ ಕಿವಿಗೆ ಬಿತ್ತು. ಹೋದ ವರ್ಷ ಅವನ ಮನೆಯಲ್ಲಿ ಇರುಳೆಲ್ಲ ಕೇಳಿದ ಸದ್ದು ಅದು. ಅಯ್ಯೋ ಪಾಪ, ಇದು ಒಗಟಲ್ಲ, ಅಳು ಅಂದುಕೊಂಡ.

“ನಾನು ಹೇಳ್ತೀನಿ ಬುದ್ಧಿ!” ಬಾಯಿ ಆಡಿಯೇಬಿಟ್ಟಿತು.

ದೊರೆ ಶಾಲು ಹಿಡಿದು ಎದ್ದ. ಮುದ್ದವೀರ ಪಕ್ಕಕ್ಕೆ ಸರಿದ. “ಶಾಲು ಆಮೇಲೆ ಬುದ್ಧಿ. ಮೊದಲನೇದು ಹುಳುಕಡ್ಡಿ. ಎರಡನೇದು ಕಜ್ಜಿ ಹುಳ.”

“ಅರಮನೆಯಲ್ಲಿ ಕಜ್ಜಿಯೇ?” ದೊರೆ ಕೆಂಡವಾದ.

“ಎರಡೂ ಸರಿ, ಅಪ್ಪಾಜಿ,” ಎಂದಿತು ತೆರೆಯ ಹಿಂದಿನ ಸಣ್ಣ ದನಿ. “ಮೂರನೆಯದು: ಗುಟ್ಟಾಗಿ ಮದ್ದು ಹಚ್ಚಿ ಆ ಕಳ್ಳನನ್ನು ಓಡಿಸಿದೆ. ಆದರೂ ಮರಳಿ ಬಂದ. ಬಾಗಿಲು ತೆಗೆದವರು ಯಾರು?”

ಮುದ್ದವೀರ ದೊರೆಯತ್ತ ನೋಡಿದ. ಉತ್ತರ ಗೊತ್ತಿತ್ತು, ಎದುರಿಗೇ ಕಿರೀಟ ಹಾಕಿಕೊಂಡು ಕೂತಿತ್ತು. ಹೇಳಿದರೂ ತಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಹೇಳಿಯೇ ಹೋಗಲಿ!

“ಬುದ್ಧಿ, ನಮ್ಮನೇಲಿ ಎಲ್ಲರೂ ಮದ್ದು ಹಚ್ಕೊಂಡ್ವಿ. ದೊಡ್ಡಪ್ಪ ಮಾತ್ರ ‘ನಂಗೇನೂ ಇಲ್ಲ, ನಂಗ್ಯಾಕೆ?’ ಅಂದ. ಅವನ ಕಂಬಳಿಯಲ್ಲೇ ಮಕ್ಕಳು ಮಲಗ್ತಿದ್ವು. ಸ್ವಲ್ಪ ದಿನಕ್ಕೆ ಮನೆ ತುಂಬ ಮತ್ತೆ ಕೆರೆತ. ಹುಳ ಹತ್ತಿದ ಮೇಲೂ ಎಷ್ಟೋ ದಿನ ತುರಿಕೆ ಗೊತ್ತೇ ಆಗಲ್ಲ ಬುದ್ಧಿ. ಬಾಗಿಲು ತೆಗೆಯೋದು ‘ನಂಗೇನೂ ಇಲ್ಲ’ ಅನ್ನೋರೇ. ಇಲ್ಲಿ... ತಾವು.”

ಭಟನ ಕೈ ಕತ್ತಿಗೆ ಹೋಯಿತು. ಆಗ ತೆರೆ ಸರಿಸಿ ಕನಕಾಂಬೆ ಹೊರಗೆ ಬಂದು, ಕುಪ್ಪಸದ ತೋಳು ಮೇಲಕ್ಕೆಳೆದು, ಎರಡೂ ಕೈ ಎಲ್ಲರೆದುರು ಚಾಚಿದಳು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ. ಮೊಣಕೈ ಹತ್ತಿರ ದುಂಡನೆಯ ಹುಳುಕಡ್ಡಿ.

“ಸರಿ ಉತ್ತರ. ಹೇಳಿದರೆ ಕೊಳಕಿ ಅಂತಾರೆ ಅಂತ ಹೆದರಿ ಒಗಟು ಕಟ್ಟಿದೆ, ಅಪ್ಪಾಜಿ.”

ಮುದ್ದವೀರ ದಿನವೂ ಊರ ಹೆಂಗಸರ ಕೈ ಹಿಡಿಯುವಂತೆಯೇ ಅವಳ ಕೈ ಹಿಡಿದು ನೋಡಿದ. “ಕೊಳಕಿಗೂ ಇದಕ್ಕೂ ಸಂಬಂಧ ಇಲ್ಲ ಅಮ್ಮಣ್ಣಿ. ಮೈಗೆ ಮೈ ತಾಗಿ ಬರೋದು, ಮುದ್ದು ಮಾಡೋರಿಂದಲೇ ಬರೋದು.”

ಕನಕಾಂಬೆ ಅಳುತ್ತಲೇ ನಕ್ಕಳು. ಮುದಿ ರಾಜವೈದ್ಯ ಮುಂದೆ ಬಂದ. “ನಾಡಿ ನೋಡೋಕೆ ಅಮ್ಮಣ್ಣಿ ಕೈಗೆ ಕಟ್ಟಿದ ರೇಷ್ಮೆ ದಾರದ ತುದಿ ಕೊಟ್ರಿ ಮಹಾಸ್ವಾಮಿ, ಕೈ ತೋರಿಸಲಿಲ್ಲ! ಗಂಧಕದ ಮುಲಾಮು ಅರೆಯೋದು ನನಗೆಷ್ಟು ಹೊತ್ತು? ತುರಿಕೆ ಇರೋರು, ಇಲ್ಲದೋರು, ಮನೆಯವರೆಲ್ಲ ಒಂದೇ ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಬೇಕು. ಉಗುರು ಕತ್ತರಿಸಬೇಕು. ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಆಮೇಲೂ ಎರಡು ಮೂರು ವಾರ ತುರಿಸಿದರೆ ಗಾಬರಿ ಬೇಡ. ನಾನು ಹೇಳಿದಾಗ ಮತ್ತೊಮ್ಮೆ ಹಚ್ಚಿ. ಹುಳುಕಡ್ಡಿಗೆ ಬೇರೆ ಮದ್ದು. ಅದು ಮಾಯವಾದರೂ ಕೆಲವು ದಿನ ಹಚ್ಚುತ್ತಲೇ ಇರಬೇಕು.”

“ಎಲ್ಲ ಸರಿ. ಆದರೆ ನನಗೇನೂ...” ಎನ್ನುತ್ತ ದೊರೆ ಸೊಂಟ ಕೆರೆದುಕೊಂಡ. ಇಡೀ ಸಭೆ ನೋಡಿತು.

“ನೀವು ಹಚ್ಚಿಕೊಳ್ಳೋವರೆಗೆ ನನ್ನ ಮದುವೆ ಇಲ್ಲ, ಅಪ್ಪಾಜಿ,” ಎಂದಳು ಮಗಳು.

ದೊರೆ ಮಗಳ ಕೈಗಳನ್ನೇ ನೋಡಿದ. ಕಣ್ಣು ತುಂಬಿ ಬಂತು. ತಾನೇ ಎದ್ದು ಹೋಗಿ ಶಾಲನ್ನು ಕುದಿಯುವ ಹಂಡೆಗೆ ಹಾಕಿದ. ನೀರು ಕಾಫಿ ಬಣ್ಣಕ್ಕೆ ತಿರುಗಿತು. “ಮರ್ಯಾದೆ ಹೋಯಿತೇನೋ?” ಎಂದು ಇಣುಕಿದ. “ಇಲ್ಲ ಬುದ್ಧಿ, ಅದು ಬರೀ ಅಜ್ಜನ ಕಾಲದ ಕೊಳೆ,” ಎಂದ ಮುದ್ದವೀರ. ಉಣ್ಣೆಯ ಶಾಲು ಕುದ್ದು ಕರವಸ್ತ್ರದಷ್ಟಾಯಿತು. ಸನ್ಮಾನಗಳು ಅಂದಿಗೇ ನಿಂತವು.

ಸೆರೆಮನೆಯ ಬಾಗಿಲು ತೆರೆಯಿತು. ತಲೆ ಉಳಿದ ಸುದ್ದಿ ಕೇಳಿದ ರಾಜಕುಮಾರರು ಮೊದಲು ಕೇಳಿದ್ದು ಕುದುರೆಯನ್ನಲ್ಲ, ಮುಲಾಮನ್ನು. ಆ ಇರುಳು ದೊರೆ, ಅಡುಗೆಯವರು, ಭಟರು ಎಲ್ಲರೂ ಮುಲಾಮು ಬಳಿದುಕೊಂಡು ಒಬ್ಬರ ವಾಸನೆಗೆ ಒಬ್ಬರು ಮೂಗು ಮುಚ್ಚಿಕೊಂಡರು.

ಮೈ ಎಲ್ಲ ತಿಳಿಯಾದ ಮೇಲೆ ಮದುವೆ. ಧಾರೆಯ ಹೊತ್ತಿನಲ್ಲಿ ಕನಕಾಂಬೆ ಪಿಸುಗುಟ್ಟಿದಳು: “ಇಷ್ಟು ಕಷ್ಟದ ಒಗಟು ಹೇಗೆ ಬಿಡಿಸಿದಿರಿ?”

“ಕಷ್ಟ ಪಟ್ಟಿದ್ದು ನೀವು. ಮೊದಲ ದಿನವೇ ಯಾರಿಗಾದ್ರೂ ಕೈ ತೋರಿಸಿದ್ರೆ ಒಗಟೇ ಬೇಕಿರಲಿಲ್ಲ.”

ಅವರು ಅಲ್ಲಿ ಇರುಳೆಲ್ಲ ಗಡದ್ದಾಗಿ ನಿದ್ದೆ ಮಾಡಿದರು. ಈ ಕತೆ ಕೇಳುತ್ತ ನೀವಿಲ್ಲಿ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದರೆ ನಾಚಬೇಡಿ. ಮನೆಮಂದಿಯನ್ನೆಲ್ಲ ಕರೆದುಕೊಂಡು ವೈದ್ಯರ ಹತ್ತಿರ ಹೋಗಿ. “ನಂಗೇನೂ ಇಲ್ಲ” ಅನ್ನುವವರನ್ನು ಮೊದಲು.