ಮೂಸೆಯ ಕರಾರು

ಚಿನ್ನ ಕರಗಿಸುವ ಮೌನೇಶಾಚಾರಿಯ ಮೂಸೆಗೆ ಒಂದೇ ಕರಾರು: ಮೈಯಲ್ಲಿ ಪಾದರಸವಿದ್ದರೆ ಚಿನ್ನ ಒಳಗಿಳಿಯುವ ಮೊದಲೇ ಹೇಳಬೇಕು. ತಾಮ್ರ, ಬೆಳ್ಳಿ ಎಷ್ಟಿದ್ದರೂ ಅದಕ್ಕೆ ಚಿಂತೆಯಿಲ್ಲ. ಪಾದರಸದ ಹೊಗೆ ಮಾತ್ರ ಕುಲುಮೆ ಊದುವ ಆಚಾರಿಯ ಎದೆ ಸೇರುತ್ತದೆ.

ಹೊಳೆಮರಳಿನಿಂದ ಬಂದ ಚಿನ್ನದುಂಡೆಯೊಂದು, “ಹೊಳೆಯಲ್ಲಿ ಮಿಂದು ಬಂದವಳನ್ನೂ ಕೇಳುವುದೇ?” ಎಂದು ಸಿಡುಕಿತು.

“ಮಿಂದದ್ದು ಸರಿ ತಾಯಿ, ಮರಳಿನಿಂದ ನಿಮ್ಮನ್ನು ಬಿಡಿಸಿ ತಂದವರು ಯಾರು?” ಎಂದಿತು ಮೂಸೆ.

ಉಂಡೆಯ ದನಿ ತಗ್ಗಿತು. “ಪಾದರಸ. ಮರಳಲ್ಲಿ ಚದುರಿದ್ದ ನನ್ನ ಕಣಗಳನ್ನು ಅಂಟಿಸಿಕೊಂಡು ತಂದದ್ದು ಅದೇ. ಹೊಟ್ಟೆಯಲ್ಲಿ ಇನ್ನೂ ಇದೆ. ಹೇಳಿದರೆ ಮರ್ಯಾದೆ ಹೋದೀತೆಂದು ಸುಮ್ಮನಿದ್ದೆ.”

“ಹೇಳಿದಿರಲ್ಲ, ಸಾಕು!” ಮೂಸೆ ಖುಷಿಯಿಂದ ಮುಚ್ಚಳ ಹಾಕಿಸಿಕೊಂಡು, ಹೊಗೆಯನ್ನೆಲ್ಲ ಕೊಳವೆಯಲ್ಲಿ ನೀರಿನ ಕೊಡಕ್ಕೆ ಇಳಿಸಿತು. ಆಚಾರಿ ಒಮ್ಮೆಯೂ ಕೆಮ್ಮಲಿಲ್ಲ.

ಹೊರಬಂದ ಚಿನ್ನ ಥಳಥಳಿಸುತ್ತಲೇ ಗೊಣಗಿತು: “ನನ್ನ ತೂಕ ಇಳಿಯಿತಲ್ಲ!”

“ಇಳಿದದ್ದು ನಿಮ್ಮದಲ್ಲ ತಾಯಿ,” ಎಂದಿತು ಮೂಸೆ.