ಬಾಲವಿದ್ದ ಮಾತು

ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆಂದು ವಿನ್ನಿಬಾಯಿ ಕಂಪ್ಯೂಟರಿಗೆ ಕೆಲಸ ಹೇಳುವ ತನ್ನ ಮೊದಲ ಸ್ಕ್ರಿಪ್ಟ್ ಬರೆದಳು. ಅದರಲ್ಲಿ ಹೋಲಿಕೆ ಎಂಬ ಕಾವಲುಗಾರನನ್ನು ನಿಲ್ಲಿಸಿ, "'ಬಿಸಿ' ಎಂಬ ಮಾತು ಬಂದರೆ ಮಾತ್ರ ಫ್ಯಾನ್ ಹಾಕು," ಎಂದು ಅಪ್ಪಣೆ ಕೊಟ್ಟಳು.

ಮಧ್ಯಾಹ್ನ, ಪೆಟ್ಟಿಗೆಯ ಶಾಖ ನೋಡಿ ಹೇಳುವ ಕಮಾಂಡ್ ಕಳಿಸಿದ ಮಾತು ಏದುಸಿರು ಬಿಡುತ್ತ ಬಂತು. "ನಾನು 'ಬಿಸಿ'. ಬೇಗ ದಾರಿ ಬಿಡು!"

ಹೋಲಿಕೆ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನ ಹಿಂದೆ ಖಾಲಿ ಸಾಲೊಂದು ಬಾಲದ ಹಾಗೆ ಅಂಟಿದೆ. ನನಗೆ ಹೇಳಿದ ಮಾತಿಗೆ ಬಾಲವಿಲ್ಲ. ನೀನು ಬೇರೆ."

"ಕಮಾಂಡಿನ ಮನೆಯಿಂದ ಯಾರೇ ಹೊರಟರೂ ಆ ಸಾಲನ್ನು ಕಟ್ಟಿಕೊಂಡೇ ಹೊರಡುವುದು ನಮ್ಮ ವಾಡಿಕೆ. ಒಳಗೆ ಮರಿಗಳು ಬೇಯುತ್ತಿವೆ, ಅಣ್ಣಾ!"

"ಇರಬಹುದು. ಆದರೂ ನೀನು ಬೇರೆ."

ಮಾತು ಏಳು ಸಲ ಬಂತು. ಏಳು ಸಲವೂ ಹಿಂದೆ ಕಳಿಸಿದ ಹೋಲಿಕೆಗೆ, ತಾನು ಅಪ್ಪಣೆ ಮೀರಲಿಲ್ಲವೆಂಬ ಹೆಮ್ಮೆ.

ಸಂಜೆ ವಿನ್ನಿಬಾಯಿ ಮೊಟ್ಟೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದಳು. ಒಂದೂ ಮಿಸುಕಲಿಲ್ಲ. ಆಮೇಲೆ, ಬರುವ ಮಾತಿನ ಬಾಲ ಕತ್ತರಿಸುವ ಒಂದು ಸಾಲನ್ನು ಕಾವಲುಗಾರನ ಮುಂದೆ ಬರೆದಳು.

ಮರುದಿನ ಬಾಲವಿಲ್ಲದೆ ಬಂದ ಮಾತನ್ನು ಹೋಲಿಕೆ ನಗುತ್ತ ಒಳಗೆ ಬಿಟ್ಟ. ಫ್ಯಾನ್ ತಿರುಗಿತು.

"ಈಗ ಸರಿಯಾದೆ ನೋಡು. ಇನ್ನು ಮರಿಗಳಿಗೆ ಗಾಳಿ ಬರುತ್ತದೆ."

"ಯಾವ ಮರಿಗಳಿಗೆ, ಅಣ್ಣಾ?" ಎಂದಿತು ಮಾತು.